ಕಿಡಿಗೊಂದು ಮುಹೂರ್ತ

ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ, ರೇಡಿಯೇಟರಿಗೂ ಎಂಜಿನ್ನಿಗೂ ನಡುವಿನ ಸಂದಿಯಲ್ಲಿ ಕತ್ತು ತೂರಿಸಿದರೆ ಕ್ರ್ಯಾಂಕಿನ ತುದಿಯಲ್ಲೊಂದು ಪುಲಿ ಕಾಣುತ್ತದೆ. ಕಾಣುತ್ತದೆ ಎನ್ನುವುದು ಸ್ವಲ್ಪ ಧಾರಾಳದ ಮಾತು. ಎಣ್ಣೆ, ಧೂಳು, ಫ್ಯಾನ್ ಬೆಲ್ಟು ಉದುರಿಸಿದ ಕರಿಪುಡಿ ಮೂರೂ ಸೇರಿ ಗಟ್ಟಿಯಾದ ಪದರದ ಅಡಿಯಲ್ಲಿ ಅದು ಇರುತ್ತದೆ. ಆ ಪುಲಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಎದುರಿಗೆ ಟೈಮಿಂಗ್ ಕವರಿಗೆ ಸೇರಿಕೊಂಡ ಚೂಪು ಮುಳ್ಳುಗಳು. ಕಚ್ಚು ಯಾವ ಮುಳ್ಳಿನ ನೇರಕ್ಕೆ ಬಂದಾಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ ಎಂಬುದೇ ಇಗ್ನಿಷನ್ ಟೈಮಿಂಗ್. 1962ರಲ್ಲಿ ಹೊರಬಂದ ಮೊದಮೊದಲ ಎಂಜಿಬಿಗಳಲ್ಲಿ ಈ ಮುಳ್ಳುಗಳನ್ನು ಪುಲಿಯ ಕೆಳಗಡೆ ಇಟ್ಟಿದ್ದರು. ಟೈಮಿಂಗ್ ನೋಡಬೇಕಾದವನು ಕಾರಿನಡಿ ಅಂಗಾತ ಮಲಗಬೇಕು, ಮೇಲಿನಿಂದ ಎಣ್ಣೆ ತೊಟ್ಟಿಕ್ಕಿದರೆ ಸಹಿಸಬೇಕು.

ಈಗ ಅದೇ ಕಾರಿಗೆ ಕಂಪ್ಯೂಟರ್ ಬಂದಿದೆ. ಈ ಕಾರು ತಯಾರಾಗುತ್ತಿದ್ದ ಆಬಿಂಗ್ಡನ್ನಿನ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾಗಿದ್ದವು. ಉಳಿದಿರುವ ಕಾರುಗಳ ಯಜಮಾನರಲ್ಲಿ ಒಂದು ಪಂಗಡದವರು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕಿತ್ತು ಪಕ್ಕಕ್ಕಿಟ್ಟು, ಸೀಟಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು, ಯಾವ ವೇಗದಲ್ಲಿ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಎಂದು ತಾವೇ ಟೈಪ್ ಮಾಡುತ್ತಾರೆ. ಅಷ್ಟಾದರೂ ನೆಲಕ್ಕೆ ಮಲಗುವ ಕಷ್ಟ ಅವರಿಗೆ ತಪ್ಪಿಲ್ಲ. ಲೆಕ್ಕ ಹಾಕುವುದರಲ್ಲಿ ಕಂಪ್ಯೂಟರು ಜಾಣ, ಆದರೆ ಪಿಸ್ಟನ್ ನಿಜಕ್ಕೂ ಎಲ್ಲಿದೆ ಎಂಬುದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಯಾರಾದರೂ ಹೇಳಿಕೊಡಬೇಕು. ಹೇಳಿಕೊಟ್ಟವನು ಸುಳ್ಳು ಹೇಳಿದರೆ ಅದು ಆ ಸುಳ್ಳನ್ನೇ ನಂಬಿಕೊಂಡು ಸೆಕೆಂಡಿಗೆ ನೂರಾರು ಸಲ ಶ್ರದ್ಧೆಯಿಂದ ತಪ್ಪು ಮಾಡುತ್ತದೆ.

ಕಿಡಿ ಮೊದಲೇ ಯಾಕೆ ಹಾರಬೇಕು? ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒಮ್ಮೆಲೇ ಸಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ಉರಿಯುತ್ತದೆ, ಉರಿ ಹಬ್ಬುವುದಕ್ಕೆ ಹೊತ್ತು ಬೇಕು. ಮದುವೆಮನೆಯಲ್ಲಿ ಪಂಕ್ತಿ ಕೂರುವ ಹೊತ್ತಿಗೆ ಅನ್ನ ಆಗಿರಬೇಕೆಂದರೆ ಎಲೆ ಹಾಕಿದ ಮೇಲೆ ಎಸರಿಡುವುದಿಲ್ಲವಲ್ಲ, ಹಾಗೆ. ಸಿಲಿಂಡರಿನೊಳಗಿನ ಒತ್ತಡ ತನ್ನ ತುದಿ ಮುಟ್ಟಬೇಕಾದ್ದು ಪಿಸ್ಟನ್ ಮೇಲಿನ ಕೊನೆ ಮುಟ್ಟಿ, ಅಂದರೆ ಗ್ಯಾರೇಜಿನವರ ಟಿಡಿಸಿ ದಾಟಿ, ಸುಮಾರು 15 ಡಿಗ್ರಿ ಕೆಳಗಿಳಿಯುವಾಗ. ಆಗ ತಳ್ಳಿದರೆ ತಳ್ಳಿದ್ದೆಲ್ಲ ಕೆಲಸಕ್ಕೆ ಬರುತ್ತದೆ. ಅದಕ್ಕೆ ಕಿಡಿ ಟಿಡಿಸಿಗಿಂತ ಮೊದಲೇ ಹಾರಿರಬೇಕು. ಎಷ್ಟು ಮೊದಲು ಎನ್ನುವಲ್ಲಿ ತಾಪತ್ರಯ ಶುರು. 900 ಆರ್‌ಪಿಎಂನಲ್ಲಿ ಐಡ್ಲಿಂಗ್ ಮಾಡುತ್ತಿರುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕು ಐದೂವರೆ ಡಿಗ್ರಿಯೂ ತಿರುಗುವುದಿಲ್ಲ. 3000ಕ್ಕೆ ಏರಿದರೆ ಅದೇ ಮಿಲಿಸೆಕೆಂಡಿನಲ್ಲಿ 18 ಡಿಗ್ರಿ, 6000ಕ್ಕೆ 36. ವೇಗ ಹೆಚ್ಚಿದಂತೆ ಒಳಗಿನ ಸುಳಿಗಾಳಿಯೂ ಹೆಚ್ಚಿ ಉರಿ ಬೇಗ ಹಬ್ಬುತ್ತದೆ, ಅದರಿಂದ ಕಿಡಿಯ ಈ ಮುಂಗಡವನ್ನು, ಅಂದರೆ ಅಡ್ವಾನ್ಸನ್ನು, ಅದೇ ಲೆಕ್ಕದಲ್ಲಿ ಏರಿಸಬೇಕಾಗಿಲ್ಲ, ಆದರೆ ಏರಿಸಬೇಕು. ಇನ್ನು ಹೊರೆಯ ಮಾತು. ಪೆಡಲನ್ನು ಸ್ವಲ್ಪವೇ ಒತ್ತಿ ಸಮತಟ್ಟು ರಸ್ತೆಯಲ್ಲಿ ಸಾಗುವಾಗ ಸಿಲಿಂಡರಿನಲ್ಲಿ ಗಾಳಿಯೂ ಪೆಟ್ರೋಲೂ ತೆಳು, ಉರಿ ನಿಧಾನ, ಕಿಡಿ ಇನ್ನೂ ಮೊದಲೇ ಬೇಕು. ಏರಿನಲ್ಲಿ ಪೆಡಲ್ ಪೂರ್ತಿ ಅದುಮಿದರೆ ಲೆಕ್ಕ ತಿರುವುಮುರುವು.

ಕಿಡಿ ತಡವಾದರೆ ಶಕ್ತಿಯೆಲ್ಲ ಸೈಲೆನ್ಸರಿನಲ್ಲಿ ಹೋಗುತ್ತದೆ, ಎಂಜಿನ್ ಕಾಯುತ್ತದೆ, ಕಾರು ಸೋಮಾರಿಯಾಗುತ್ತದೆ. ತೀರ ಬೇಗವಾದರೆ ಇನ್ನೂ ಕೆಟ್ಟದ್ದು. ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಕಾವಿಗೂ ತಾನಾಗಿ ಹೊತ್ತಿಕೊಂಡು ಟಣಟಣ ಬಡಿಯುತ್ತದೆ. ಅದೇ ನಾಕಿಂಗ್. ಸ್ವಲ್ಪ ಹೊತ್ತು ಬಡಿದರೆ ಕಿವಿಗೆ ಮಾತ್ರ ಹಿಂಸೆ. ಬಹಳ ಹೊತ್ತು ಬಡಿದರೆ ಪಿಸ್ಟನ್ನಿನ ತಲೆಯಲ್ಲಿ ತೂತು.

ಈ ಹೊಂದಾಣಿಕೆಯನ್ನು ಮೊದಲು ಚಾಲಕನ ಕೈಗೇ ಬಿಟ್ಟಿದ್ದರು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟಿಯರಿಂಗ್ ಕೆಳಗೆ ಎರಡು ಕಡ್ಡಿಗಳು: ಬಲಗಡೆಯದು ಪೆಟ್ರೋಲಿಗೆ, ಎಡಗಡೆಯದು ಕಿಡಿಗೆ. ಹ್ಯಾಂಡಲ್ ಹಾಕಿ ತಿರುಗಿಸುವ ಮೊದಲು ಎಡಗಡೆಯ ಕಡ್ಡಿಯನ್ನು ಮೇಲಕ್ಕೆ ತಳ್ಳಿ ಕಿಡಿಯನ್ನು ತಡಮಾಡಿಡಬೇಕು. ಮರೆತವರ ಮಣಿಕಟ್ಟನ್ನು ಹ್ಯಾಂಡಲು ಹಿಂದಕ್ಕೆ ಒದ್ದು ಮುರಿಯುತ್ತಿತ್ತು. ಆ ಮೇಲೆ ಚಾರ್ಲ್ಸ್ ಕೆಟರಿಂಗ್ ತನ್ನ ಡೆಲ್ಕೊ ಕಂಪನಿಯಲ್ಲಿ ಬ್ಯಾಟರಿ, ಕಾಯಿಲ್, ಕರೆಂಟು ಕಡಿಯುವ ಪಾಯಿಂಟ್‌ಗಳ ಇಗ್ನಿಷನ್ ರೂಪಿಸಿದ. 1910ರ ಹೊತ್ತಿಗೆ ಅದು ಕ್ಯಾಡಿಲಾಕ್ ಕಾರುಗಳಿಗೆ ಬಂತು. ದಕ್ಷಿಣ ಭಾರತದ ಗ್ಯಾರೇಜುಗಳಲ್ಲಿ ಇವತ್ತಿಗೂ ಡಿಸ್ಟ್ರಿಬ್ಯೂಟರಿಗೆ ಡೆಲ್ಕೊ ಎಂದೇ ಹೆಸರು. ಕಿಡಿಯ ಹೊತ್ತು ಹೊಂದಿಸುವ ಕೆಲಸ ನಿಧಾನವಾಗಿ ಆ ಡೆಲ್ಕೊದ ಹೊಟ್ಟೆಗೇ ಸೇರಿತು. ವೇಗಕ್ಕೆ ತಕ್ಕಂತೆ ಹೊರಕ್ಕೆ ಹಾರುವ ಎರಡು ತೂಕದ ತುಂಡುಗಳು, ಅವನ್ನು ಹಿಡಿದೆಳೆಯುವ ಎರಡು ಸ್ಪ್ರಿಂಗು, ಹೊರೆಗೆ ತಕ್ಕಂತೆ ಉಸಿರಾಡುವ ಒಂದು ವ್ಯಾಕ್ಯೂಮ್ ಡಬ್ಬಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಕಾರುಗಳನ್ನು ಓಡಿಸಿದ ಲೆಕ್ಕಯಂತ್ರ ಇಷ್ಟೇ. ಮೈಕ್ರೊಪ್ರೊಸೆಸರು ಈ ಕೆಲಸಕ್ಕೆ ಕೈಹಾಕಿದ್ದು 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊದಲ್ಲಿ. ಪೆಟ್ರೋಲು ಮತ್ತು ಕಿಡಿ ಎರಡನ್ನೂ ಒಂದೇ ಪೆಟ್ಟಿಗೆಯಿಂದ ಆಳುವ ಬಾಷ್ ಕಂಪನಿಯ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿಗೆ ಬಂತು.

ಎಂಜಿಬಿಯ ಡಿಸ್ಟ್ರಿಬ್ಯೂಟರು ಲೂಕಾಸ್ ಕಂಪನಿಯದು, ಮಾದರಿ 25ಡಿ4. ಬ್ರಿಟಿಷ್ ಕಾರುಪ್ರಿಯರು ಜೋಸೆಫ್ ಲೂಕಾಸ್‌ಗೆ ಕತ್ತಲೆಯ ರಾಜಕುಮಾರ ಎಂದು ಬಿರುದು ಕೊಟ್ಟಿದ್ದಾರೆ. ಲೈಟು ಆರಿಹೋಗುವುದರ ಮೇಲಿನ ಕುಚೋದ್ಯ ಅದು, ಡಿಸ್ಟ್ರಿಬ್ಯೂಟರಿಗೆ ಅನ್ವಯಿಸಿದರೆ ಅನ್ಯಾಯ. 25ಡಿ4 ಜಾಣ ಸಾಮಾನು. ಅದರ ಪಕ್ಕದಲ್ಲಿ ಬೆರಳಿನಿಂದ ತಿರುಗಿಸುವ ಒಂದು ಗೀರುಗೀರಿನ ನಟ್ಟು ಇದೆ; ತಿರುಗಿಸಿದಂತೆ ಟಿಕ್ ಟಿಕ್ ಎನ್ನುತ್ತ ಟೈಮಿಂಗನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತದೆ. ಊರಿಂದೂರಿಗೆ ಪೆಟ್ರೋಲಿನ ಗುಣ ಬೇರೆಯಾಗುತ್ತಿದ್ದ ಕಾಲದಲ್ಲಿ ಸ್ಪ್ಯಾನರ್ ಇಲ್ಲದೆ ರಸ್ತೆಬದಿಯಲ್ಲೇ ಸರಿಪಡಿಸಿಕೊಳ್ಳಲಿ ಎಂದು ಕೊಟ್ಟ ಸೌಕರ್ಯ. ತೊಂದರೆ ಆ ವಿನ್ಯಾಸದ್ದಲ್ಲ, ವಯಸ್ಸಿನದು. ಅರವತ್ತು ವರ್ಷ ತಿರುಗಿದ ಮೇಲೆ ಶಾಫ್ಟು ಬುಷ್‌ನಲ್ಲಿ ಅಲುಗುತ್ತದೆ, ಪಾಯಿಂಟಿನ ಗ್ಯಾಪು ಪ್ರತಿ ಸುತ್ತಿಗೂ ಬೇರೆಯಾಗುತ್ತದೆ, ತೂಕದ ತುಂಡುಗಳು ತುಕ್ಕು ಹಿಡಿದು ಹಾರುವುದಿಲ್ಲ, ಸ್ಪ್ರಿಂಗು ಸೋತಿರುತ್ತದೆ, ವ್ಯಾಕ್ಯೂಮ್ ಡಬ್ಬಿಯ ರಬ್ಬರು ಎಂದೋ ಹರಿದಿರುತ್ತದೆ. ಫೀಲರ್ ಗೇಜಿನಲ್ಲಿ ಇಂಚಿನ ಸಾವಿರದಲ್ಲಿ ಹದಿನೈದು ಪಾಲು ಎಂದು ಎಷ್ಟೇ ನಿಷ್ಠೆಯಿಂದ ಅಳೆದರೂ ಅಳೆದದ್ದು ನಿಂತ ಶಾಫ್ಟನ್ನು, ತಿರುಗುವ ಶಾಫ್ಟನ್ನಲ್ಲ.

ಈ ಎಂಜಿನ್ ಕನ್ನಡಿಗರಿಗೆ ಅಪರಿಚಿತವೇನಲ್ಲ. ಎಂಜಿಬಿಯ 1798 ಸಿಸಿ ಎಂಜಿನ್ನೂ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಒಂದೇ ಮನೆತನದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ 1489 ಸಿಸಿಯದು. ಅಲ್ಲಿ ಸ್ಕಾರ್ಫ್ ಹಾರಿಸಿಕೊಂಡು ಹೋಗುವವರ ಬಾನೆಟ್ಟಿನಡಿ ಇದ್ದ ಎಂಜಿನ್ನು ಇಲ್ಲಿ ಜಿಲ್ಲಾಧಿಕಾರಿಗಳನ್ನೂ ಮದುಮಕ್ಕಳನ್ನೂ ಹೊತ್ತಿತು. ಅದರ ಪ್ಲಗ್ಗು ಬಹುಪಾಲು ಬೆಂಗಳೂರಿನ ಆಡುಗೋಡಿಯದೇ: 1951ರಲ್ಲಿ ಹುಟ್ಟಿದ ಮೈಕೋ, 2008ರಿಂದ ಬಾಷ್ ಲಿಮಿಟೆಡ್. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಪಾಯಿಂಟ್ ಸೆಟ್ಟು, ಕಂಡೆನ್ಸರು, ರೋಟರು ಕೇಳಿದವರಿಗೆಲ್ಲ ಸಿಗುತ್ತಿದ್ದವು.

ನಮ್ಮ ಮೆಕ್ಯಾನಿಕ್ಕುಗಳಲ್ಲಿ ಟೈಮಿಂಗ್ ಲೈಟ್ ಇಟ್ಟುಕೊಂಡಿದ್ದವರು ಕಡಿಮೆ. ಅವರ ಬಳಿ ಹನ್ನೆರಡು ವೋಲ್ಟಿನ ಒಂದು ಬಲ್ಬು, ಅದಕ್ಕೆ ಎರಡು ವೈರು. ಒಂದನ್ನು ಡಿಸ್ಟ್ರಿಬ್ಯೂಟರಿನ ಟರ್ಮಿನಲ್ಲಿಗೆ, ಇನ್ನೊಂದನ್ನು ಬಾಡಿಗೆ ಸಿಕ್ಕಿಸಿ ಕೀ ಆನ್ ಮಾಡಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಪಾಯಿಂಟು ಬಿಡುವ ಕ್ಷಣಕ್ಕೆ ಬಲ್ಬು ಹೊತ್ತಿಕೊಳ್ಳುತ್ತದೆ. ಆಗ ಕಚ್ಚು ಎಲ್ಲಿದೆ ನೋಡಿಕೊಂಡರೆ ಆಯಿತು. ಅದೂ ಇಲ್ಲದವರು ಕ್ಲ್ಯಾಂಪು ಸಡಿಲಿಸಿ, ಓಡುವ ಎಂಜಿನ್ನಿನ ಡೆಲ್ಕೊವನ್ನು ಕೈಯಲ್ಲಿ ಹಿಡಿದು, ಶಬ್ದ ಏರುವವರೆಗೆ ತಿರುಗಿಸಿ ಒಂದು ಚೂರು ಹಿಂದಕ್ಕೆ ತರುತ್ತಿದ್ದರು. ಕೈ ಒರೆಸಿಕೊಳ್ಳುತ್ತ, “ಸಾರ್, ಸ್ವಲ್ಪ ಅಡ್ವಾನ್ಸ್ ಇಟ್ಟಿದೀನಿ. ಘಾಟಿ ಹತ್ತುವಾಗ ಬಡ್ಕೊಂಡ್ರೆ ವಾಪಸ್ ತನ್ನಿ,” ಎನ್ನುವುದು ಅವರ ವಾರಂಟಿ. ಶಾಸ್ತ್ರೀಯವಾಗಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಶಕ್ತಿ ಅಳೆಯುವ ಲಕ್ಷಾಂತರ ರೂಪಾಯಿಯ ಯಂತ್ರದ ಮೇಲೆ ಕಾರು ನಿಲ್ಲಿಸಿ ಮಾಡುವುದೂ ಕೊನೆಗೆ ಇದನ್ನೇ: ಶಕ್ತಿ ಏರುವುದು ನಿಂತ ಜಾಗ ಹುಡುಕು, ಒಂದೆರಡು ಡಿಗ್ರಿ ಹಿಂದೆ ಬಾ.

ಮನೆಯಲ್ಲೇ ಕೂತು ಎಂಜಿನ್ ಕಂಪ್ಯೂಟರ್ ಕಟ್ಟಬಹುದು ಎಂಬ ಹುಚ್ಚನ್ನು ಹರಡಿದವರು ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಅಮೆರಿಕನ್ನರು. 2001ರಲ್ಲಿ ಅವರು ಮೆಗಾಸ್ಕ್ವರ್ಟ್ ಹೊರತಂದರು. ಬಿಡಿಭಾಗಗಳ ಕಿಟ್ಟು ತರಿಸಿಕೊಂಡು, ಸೋಲ್ಡರಿಂಗ್ ಕಡ್ಡಿ ಹಿಡಿದು, ಬೆರಳು ಸುಟ್ಟುಕೊಂಡು ತಾವೇ ಜೋಡಿಸಬೇಕು. ಮೊದಲಿಗೆ ಅದು ಪೆಟ್ರೋಲನ್ನು ಮಾತ್ರ ಅಳೆಯುತ್ತಿತ್ತು, ಕಿಡಿಯ ಕೆಲಸ ಆಮೇಲೆ ಸೇರಿತು. ಎಂಜಿಬಿಯವರಿಗೆ ಬೇಕಾದದ್ದು ಆ ಎರಡನೆಯದೇ. ಬಿ-ಸೀರೀಸ್ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳಿಗೆ ಒಂದೊಂದೇ ಗಾಳಿದಾರಿ. ಒಂದು ಸಿಲಿಂಡರಿನ ಪಾಲನ್ನು ಪಕ್ಕದ್ದು ಕಸಿಯುತ್ತದೆ. ಇಂಥ ಎಂಜಿನ್ನಿಗೆ ಇಂಜೆಕ್ಷನ್ ಒಗ್ಗಿಸುವುದು ತಲೆನೋವು. ಹಾಗಾಗಿ ಎರಡು ಎಸ್‌ಯು ಕಾರ್ಬುರೇಟರುಗಳನ್ನು ಇದ್ದಲ್ಲೇ ಬಿಟ್ಟು ಕಿಡಿಯನ್ನು ಮಾತ್ರ ಕಂಪ್ಯೂಟರಿಗೆ ಒಪ್ಪಿಸುವವರೇ ಹೆಚ್ಚು. ಅವರಿಗಾಗಿಯೇ ಮೆಗಾಜೋಲ್ಟ್ ಎಂಬ ಪುಟ್ಟ ಪೆಟ್ಟಿಗೆ ಇದೆ. ಅದು ಕೆಲಸ ಮಾಡುವುದು 1990ರ ದಶಕದ ಫೋರ್ಡ್ ಕಾರುಗಳಲ್ಲಿದ್ದ ಎಡಿಸ್ ಎಂಬ ಇಗ್ನಿಷನ್ ಮಾಡ್ಯೂಲಿನ ಜೊತೆಗೂಡಿ. ಗುಜರಿಯಿಂದ ತಂದ ಎಸ್ಕಾರ್ಟಿನ ಮಾಡ್ಯೂಲು, ಅದರದೇ ಕಾಯಿಲ್‌ಪ್ಯಾಕು, ಪುಲಿಗೆ ಬೋಲ್ಟು ಮಾಡಿದ ಹಲ್ಲಿನ ಚಕ್ರ, ಒಂದು ಸೆನ್ಸರು. ಮಾಡ್ಯೂಲಿಗೂ ಕಂಪ್ಯೂಟರಿಗೂ ನಡುವೆ ನಡೆಯುವುದು ಒಂದು ವೈರಿನ ಮಾತುಕತೆ: 10 ಡಿಗ್ರಿ ಬೇಕೆಂದರೆ 1280 ಮೈಕ್ರೊಸೆಕೆಂಡಿನ ಮಿಡಿತ, ಹೆಚ್ಚು ಬೇಕೆಂದರೆ ಅದಕ್ಕಿಂತ ಗಿಡ್ಡದು.

ಹಲ್ಲಿನ ಚಕ್ರದ್ದು ಸೊಗಸಾದ ಉಪಾಯ. 36 ಹಲ್ಲಿಗೆ ಜಾಗ, ಹಲ್ಲಿಗೆ 10 ಡಿಗ್ರಿಯಂತೆ. ಆದರೆ ಇರುವುದು 35. ಒಂದು ಹಲ್ಲು ಬೇಕೆಂದೇ ಇಲ್ಲ. ಸೆನ್ಸರಿನ ಮುಂದೆ ಆ ಬೊಚ್ಚುಜಾಗ ಹಾದುಹೋದಾಗ ಮಾಡ್ಯೂಲಿಗೆ ಕ್ರ್ಯಾಂಕಿನ ನೆಲೆ ತಿಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಮೊದಲ ಪಿಸ್ಟನ್ ಟಿಡಿಸಿಗೆ 90 ಡಿಗ್ರಿ ಮೊದಲು ಇರುವಾಗ ಬೊಚ್ಚುಜಾಗ ಸೆನ್ಸರಿನ ಎದುರು ಬರಬೇಕು ಎಂಬುದು ಫೋರ್ಡಿನ ನಿಯಮ. ಚಕ್ರದ ಅಡ್ಡಳತೆ 15 ಸೆಂಟಿಮೀಟರ್ ಇದ್ದರೆ ಒಂದು ಡಿಗ್ರಿ ಅಂದರೆ ಅಂಚಿನಲ್ಲಿ 1.3 ಮಿಲಿಮೀಟರ್. ಸೆನ್ಸರು ಹಿಡಿದ ತಗಡಿನ ಬ್ರಾಕೆಟ್ಟು ಅಷ್ಟು ನಡುಗಿದರೂ ಟೈಮಿಂಗ್ ನಡುಗಿತು. ತೆಳು ತಗಡಿನಲ್ಲಿ ಬ್ರಾಕೆಟ್ ಮಾಡಿ, ದುಬಾರಿ ಕಂಪ್ಯೂಟರಿಗೆ ಬೈಯುವವರು ಎಲ್ಲ ದೇಶದಲ್ಲೂ ಇದ್ದಾರೆ.

ಇಷ್ಟು ಜೋಡಿಸಿದ ಮೇಲೆ ಲ್ಯಾಪ್‌ಟಾಪ್ ತೆರೆಯಲು ಕೈ ತುರಿಸುತ್ತದೆ. ತೆರೆಯಬಾರದು. ಮೊದಲು ಟಿಡಿಸಿ.

ಪುಲಿಯ ಕಚ್ಚನ್ನು ನಂಬಿದರಾಯಿತಲ್ಲ ಎಂದರೆ, ನಂಬಲಾಗದು. ಎಂಜಿಬಿಯ ಪುಲಿ ಒಂದೇ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ಕಂಪನ ಹೀರಲು ರಬ್ಬರಿನ ಪದರವಿದೆ. ರಬ್ಬರು ಮುದಿಯಾದರೆ ಹೊರಬಳೆ ಜಾರುತ್ತದೆ, ಬಳೆಯ ಮೇಲಿನ ಕಚ್ಚೂ ಜೊತೆಗೆ ಜಾರುತ್ತದೆ. ನೋಡುವುದಕ್ಕೆ ಎಲ್ಲ ಸರಿ, ಸತ್ಯ ಮಾತ್ರ ಹತ್ತು ಹದಿನೈದು ಡಿಗ್ರಿ ಆಚೆ. ಪ್ಲಗ್ ತೂತಿನಲ್ಲಿ ಸ್ಕ್ರೂಡ್ರೈವರ್ ಇಳಿಬಿಟ್ಟು, ಅದು ಮೇಲೇರಿ ನಿಂತಾಗ ಟಿಡಿಸಿ ಎಂದುಕೊಳ್ಳುವ ಪದ್ಧತಿಯೂ ಭರವಸೆಯದಲ್ಲ. ಎಂಜಿಬಿಯ ಸ್ಟ್ರೋಕು ಸುಮಾರು 89 ಮಿಲಿಮೀಟರ್; ಟಿಡಿಸಿಯಿಂದ ಕ್ರ್ಯಾಂಕು 5 ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ಐದನೆಯ ಒಂದು ಪಾಲು. ಕಣ್ಣಿಗೆ ಅದು ನಿಂತೇ ಇದೆ.

ಬಲ್ಲವರು ಮಾಡುವುದು ಹೀಗೆ. ಹಳೆಯ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಉದ್ದನೆಯ ಬೋಲ್ಟು ಕೂರಿಸುತ್ತಾರೆ. ಉಳಿದ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಇದನ್ನು ಒಂದನೇ ಸಿಲಿಂಡರಿಗೆ ಹಾಕಿ, ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಸ್ಟಾರ್ಟರ್ ಮುಟ್ಟುವ ಹಾಗಿಲ್ಲ. ಪಿಸ್ಟನ್ ಬಂದು ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಪುಲಿಯ ಮೇಲೆ ಒಂದು ಗುರುತು. ಹಿಂದಕ್ಕೆ ತಿರುಗಿಸುತ್ತ ಹೋದರೆ ಇನ್ನೊಂದು ಕಡೆಯಿಂದ ಬಂದು ತಾಗುತ್ತದೆ, ಇನ್ನೊಂದು ಗುರುತು. ಎರಡರ ಸರಿ ನಡುವೆ ಟಿಡಿಸಿ. ಇದಕ್ಕೆ ಕರೆಂಟು ಬೇಡ, ಕಂಪ್ಯೂಟರು ಬೇಡ, ನೂರು ವರ್ಷದ ಹಿಂದಿನ ಮೆಕ್ಯಾನಿಕ್ಕೂ ಹೀಗೇ ಮಾಡಬಹುದಿತ್ತು. ಆಮೇಲೆ ಆ ಜಾಗಕ್ಕೆ ಬಿಳಿ ವೈಟ್ನರಿನ ಒಂದು ಗೆರೆ, ಅಲ್ಲಿಂದ 10 ಡಿಗ್ರಿ ಅಳೆದು ಇನ್ನೊಂದು.

ಇನ್ನು ಟೈಮಿಂಗ್ ಲೈಟು. ಒಂದನೇ ಪ್ಲಗ್ಗಿನ ವೈರಿಗೆ ಕ್ಲಿಪ್ಪು ಸಿಕ್ಕಿಸಿದರೆ ಕಿಡಿ ಹಾರಿದಾಗಲೆಲ್ಲ ದೀಪ ಮಿಂಚುತ್ತದೆ, ತಿರುಗುವ ಪುಲಿ ನಿಂತಂತೆ ತೋರುತ್ತದೆ. ಪಕ್ಕದಲ್ಲಿ ಫ್ಯಾನೂ ನಿಂತಂತೆಯೋ ನಿಧಾನಕ್ಕೆ ಸುಳಿದಂತೆಯೋ ಕಾಣುತ್ತದೆ. ಅದನ್ನು ನಂಬಿ ಕೈಯಿಟ್ಟು ಬೆರಳು ಕಳೆದುಕೊಂಡರೆ ಆಶ್ಚರ್ಯವಿಲ್ಲ. ತೋಳು ಮಡಿಚಿ, ವೈರುಗಳನ್ನು ದೂರವಿಟ್ಟು ನೋಡಬೇಕು. ಎಡಿಸ್ ಇರುವವರಿಗೆ ಇಲ್ಲೊಂದು ಸುಲಭ ದಾರಿ ಇದೆ. ಕಂಪ್ಯೂಟರಿನಿಂದ ಮಿಡಿತ ಬಾರದಿದ್ದರೆ ಮಾಡ್ಯೂಲು ತಾನಾಗಿ 10 ಡಿಗ್ರಿಗೆ ಕಚ್ಚಿಕೊಂಡು ಕೂರುತ್ತದೆ. ರಸ್ತೆಯಲ್ಲಿ ಕಂಪ್ಯೂಟರು ಕೈಕೊಟ್ಟರೆ ಮನೆ ಮುಟ್ಟಲಿ ಎಂದು ಫೋರ್ಡಿನವರು ಮಾಡಿದ ಏರ್ಪಾಡು. ಆದ್ದರಿಂದ ಕಂಪ್ಯೂಟರ್ ಟೈಮಿಂಗ್ ಸೆಟ್ ಮಾಡುವುದರ ಮೊದಲ ಹೆಜ್ಜೆ ಕಂಪ್ಯೂಟರನ್ನೇ ಕಳಚಿಡುವುದು! ಎಂಜಿನ್ ಓಡಿಸಿ, 10ರ ಗೆರೆ ಮುಳ್ಳಿನ ನೇರಕ್ಕೆ ಬರುವಂತೆ ಸೆನ್ಸರನ್ನು ಸರಿಸಿದರೆ ಬುನಾದಿ ಸಿದ್ಧ. ಮೆಗಾಸ್ಕ್ವರ್ಟಿನಲ್ಲಾದರೆ ಲ್ಯಾಪ್‌ಟಾಪಿನಲ್ಲೇ 10 ಡಿಗ್ರಿಗೆ ಕಟ್ಟಿಹಾಕಿ, ದೀಪ ತೋರಿಸುವುದೂ ಪರದೆ ಹೇಳುವುದೂ ಒಂದಾಗುವವರೆಗೆ ಒಂದು ಅಂಕಿಯನ್ನು ತಿದ್ದುತ್ತ ಹೋಗಬೇಕು.

ಇಲ್ಲೊಂದು ಗುಂಡಿ ಇದೆ, ಹೊಸಬರು ಬೀಳುವುದು ಅದರಲ್ಲೇ. ಈ ಕಾಯಿಲ್‌ಪ್ಯಾಕು ಒಂದು ಮತ್ತು ನಾಲ್ಕನೇ ಸಿಲಿಂಡರಿಗೆ ಒಟ್ಟಿಗೇ ಕಿಡಿ ಕೊಡುತ್ತದೆ. ಒಂದು ಕಿಡಿ ಕೆಲಸಕ್ಕೆ, ಇನ್ನೊಂದು ಹೊಗೆ ಹೊರಹೋಗುವ ಸಿಲಿಂಡರಿನಲ್ಲಿ ದಂಡಕ್ಕೆ. ಹೀಗಾಗಿ ಎರಡು ಸುತ್ತಿಗೊಮ್ಮೆ ಬರಬೇಕಾದ ಕಿಡಿ ಪ್ರತಿ ಸುತ್ತಿಗೂ ಬರುತ್ತದೆ. ಡಿಗ್ರಿ ತೋರಿಸುವ ಗುಂಡಿಯುಳ್ಳ ಟೈಮಿಂಗ್ ಲೈಟಿಗೆ ಇದು ಗೊತ್ತಿಲ್ಲ. ಅದು ಹಳೆಯ ಲೆಕ್ಕ ಹಿಡಿದು 10 ಇರುವಲ್ಲಿ 20 ಎನ್ನುತ್ತದೆ. ಯಜಮಾನ ಗಾಬರಿಬಿದ್ದು ಅಡ್ವಾನ್ಸ್ ಕಡಿಮೆ ಮಾಡುತ್ತಾನೆ, ದೀಪ 10 ಎನ್ನುವಾಗ ನಿಜಕ್ಕೂ ಉಳಿದಿರುವುದು 5. ಎಂಜಿನ್ ಕಾಯುತ್ತದೆ, ಪಿಕಪ್ ಇಲ್ಲ, ಹೊಸ ಕಂಪ್ಯೂಟರಿಗಿಂತ ಹಳೆಯ ಪಾಯಿಂಟೇ ಚೆನ್ನಾಗಿತ್ತು ಎಂಬ ತೀರ್ಮಾನ. ಗುಂಡಿಯನ್ನು ಸೊನ್ನೆಗೆ ತಿರುಗಿಸಿಟ್ಟು ಪುಲಿಯ ಗೆರೆಯನ್ನೇ ಓದಿದರೆ ಈ ರಗಳೆ ಇಲ್ಲ. ಇನ್ನೊಂದು: ವೇಗ ಏರಿಸಿದಂತೆ ಗೆರೆ ಮುಳ್ಳಿನಿಂದ ಜಾರುತ್ತ ಹೋದರೆ ಸೆನ್ಸರಿನ ಎರಡು ವೈರು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ಐಡ್ಲಿಂಗಿನಲ್ಲಿ ಮಾತ್ರ ನೋಡಿ ಬಾನೆಟ್ ಮುಚ್ಚಿದವರಿಗೆ ಇದು ತಿಳಿಯುವುದೇ ಇಲ್ಲ.

ಕರೆಂಟಿನದೂ ಒಂದು ಎಚ್ಚರಿಕೆ: 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಅದನ್ನು ಬದಲಿಸದೆ ಕಂಪ್ಯೂಟರಿಗೆ ಕರೆಂಟು ಕೊಟ್ಟವರು ಹೊಗೆಯನ್ನು ನೋಡುತ್ತಾರೆ. ಎಲ್ಲ ಸರಿ ಮಾಡಿದವರಿಗೂ ಡ್ಯಾಷ್‌ಬೋರ್ಡಿನ ಸ್ಮಿತ್ಸ್ ಆರ್‌ಪಿಎಂ ಮೀಟರು ಮುಷ್ಕರ ಹೂಡುತ್ತದೆ, ಏಕೆಂದರೆ ಅದು ಎಣಿಸುತ್ತಿದ್ದ ಹಳೆಯ ಕಾಯಿಲ್ ಈಗಿಲ್ಲ.

ಬುನಾದಿ ಮುಗಿದ ಮೇಲೆ ಮ್ಯಾಪು. ಮೆಗಾಜೋಲ್ಟಿನದು ಹತ್ತಕ್ಕೆ ಹತ್ತರ ಕೋಷ್ಟಕ: ಅಡ್ಡಕ್ಕೆ ವೇಗ, ಉದ್ದಕ್ಕೆ ಹೊರೆ, ನೂರು ಮನೆ. ಮನೆಮನೆಯ ನಡುವಿನದನ್ನು ಕಂಪ್ಯೂಟರೇ ಲೆಕ್ಕ ಹಾಕಿಕೊಳ್ಳುತ್ತದೆ. ಎರಡು ಸ್ಪ್ರಿಂಗು ಒಂದು ಡಬ್ಬಿಯ ಜಾಗದಲ್ಲಿ ನೂರು ಅಂಕಿ ತುಂಬುವ ಅಧಿಕಾರ! ಲೂಕಾಸಿನ ಎಂಜಿನಿಯರು ಟೆಸ್ಟ್ ಬೆಂಚಿನ ಮುಂದೆ ನಿಂತು ಮಾಡುತ್ತಿದ್ದ ಕೆಲಸ ಈಗ ಭಾನುವಾರದ ಹವ್ಯಾಸಿಯ ಕೊರಳಿಗೆ ಬಿದ್ದಿದೆ. ಹವ್ಯಾಸಿ ಸಾಮಾನ್ಯವಾಗಿ ಬೇರೆಯವರ ಮ್ಯಾಪು ತಂದು ತುಂಬುತ್ತಾನೆ. ಬೇರೆ ಕ್ಯಾಮ್‌ಶಾಫ್ಟು, ಬೇರೆ ಕಂಪ್ರೆಷನ್ನು, ಬೇರೆ ದೇಶದ ಪೆಟ್ರೋಲಿನ ಮ್ಯಾಪು ಅದು. ತನ್ನದೇ ಕಾರಿನ ಹಳೆಯ ಸರ್ವೀಸ್ ಪುಸ್ತಕ ಕಪಾಟಿನಲ್ಲಿ ಬಿದ್ದಿರುತ್ತದೆ. ಎಂಜಿಬಿಯ ಮೊದಲ ಮಾದರಿಗೆ ನಿಂತ ಎಂಜಿನ್ನಿನಲ್ಲಿ 10 ಡಿಗ್ರಿ, 600 ಆರ್‌ಪಿಎಂನಲ್ಲಿ ಲೈಟು ಹಿಡಿದರೆ 14 ಡಿಗ್ರಿ ಎಂದು ಅದರಲ್ಲಿದೆ. ಅಲ್ಲಿಂದ ಶುರುಮಾಡಿ, ಪೂರ್ಣ ಹೊರೆಯಲ್ಲಿ 3000 ದಾಟುವ ಹೊತ್ತಿಗೆ 30ರ ಆಸುಪಾಸಿಗೆ ಮುಟ್ಟಿಸಿ, ಹಗುರ ಹೊರೆಯಲ್ಲಿ ಅದಕ್ಕೆ ಹತ್ತು ಡಿಗ್ರಿಯಷ್ಟು ಸೇರಿಸಿದರೆ ಬಿ-ಸೀರೀಸ್ ಎಂಜಿನ್ನು ಮುನಿಸಿಕೊಳ್ಳುವುದಿಲ್ಲ. ಉಳಿದದ್ದು ತಿದ್ದುಪಡಿ.

ತಿದ್ದುಪಡಿಯಲ್ಲಿ ಒಂದು ಕೈಚಳಕ ಮಾತ್ರ ಡಿಸ್ಟ್ರಿಬ್ಯೂಟರಿಗೆ ಸಾಧ್ಯವೇ ಇಲ್ಲದ್ದು. ಐಡ್ಲಿಂಗು 800 ಇರಲಿ ಎಂದಿದ್ದರೆ, 600ರ ಮನೆಯಲ್ಲಿ ಅಡ್ವಾನ್ಸನ್ನು ಒಂದೆರಡು ಡಿಗ್ರಿ ಹೆಚ್ಚಿಗೆ, 1000ದ ಮನೆಯಲ್ಲಿ ಅಷ್ಟೇ ಕಡಿಮೆ ಬರೆಯುತ್ತಾರೆ. ಎಂಜಿನ್ ಕುಗ್ಗಿದರೆ ಕಿಡಿ ಅದನ್ನು ಮೇಲೆತ್ತುತ್ತದೆ, ಜಿಗಿದರೆ ಅದುಮುತ್ತದೆ. ತೂಕದ ತುಂಡುಗಳು ಮಾಡುವುದು ಇದಕ್ಕೆ ಉಲ್ಟಾ. ಸಿಗ್ನಲ್ಲಿನಲ್ಲಿ ಕೊಸರಾಡುತ್ತ ನಿಲ್ಲುತ್ತಿದ್ದ ಕಾರು ಈ ಎರಡು ಅಂಕಿಯಿಂದ ಗಡಿಯಾರದ ಹಾಗೆ ಓಡುವುದನ್ನು ಕಂಡವರು ಮತ್ತೆ ಪಾಯಿಂಟಿನ ಹೆಸರೆತ್ತುವುದಿಲ್ಲ.

ನಾಕಿಂಗ್ ಕೇಳುವುದಕ್ಕೆ ಕಿವಿ ಸಾಲದು. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಗಾಳಿ, ಸೈಲೆನ್ಸರು, ಟ್ಯಾಪೆಟ್ಟು ಎಲ್ಲವೂ ಒಟ್ಟಿಗೆ ಮಾತಾಡುತ್ತವೆ. ಹವ್ಯಾಸಿಗಳ ಪರಿಹಾರ ನೋಡುವಂತಿದೆ. ತಾಮ್ರದ ಕೊಳವೆಯ ತುದಿ ಚಪ್ಪಟೆ ಬಡಿದು ತೂತು ಕೊರೆದು ಎಂಜಿನ್ ಬ್ಲಾಕಿನ ಬೋಲ್ಟಿಗೆ ಬಿಗಿಯುತ್ತಾರೆ. ಇನ್ನೊಂದು ತುದಿಗೆ ರಬ್ಬರ್ ಪೈಪು ಸೇರಿಸಿ ಕಾರಿನೊಳಕ್ಕೆ ತಂದು, ಕಾರ್ಖಾನೆಯವರು ಹಾಕಿಕೊಳ್ಳುವ ಕಿವಿಮುಚ್ಚುಕದೊಳಗೆ ತೂರಿಸುತ್ತಾರೆ. ಎಂಜಿಬಿಯ 80 ಮಿಲಿಮೀಟರ್ ಬೋರಿಗೆ ನಾಕಿಂಗಿನ ನಾದ ಸೆಕೆಂಡಿಗೆ ಸುಮಾರು ಏಳು ಸಾವಿರ ಕಂಪನ. ಕೊಳವೆಯಲ್ಲಿ ಅದು ಚಿಟಚಿಟ ಎಂದು ಸ್ಪಷ್ಟವಾಗಿ ಕೇಳುತ್ತದೆ. ಒಬ್ಬ ಓಡಿಸಬೇಕು, ಇನ್ನೊಬ್ಬ ಕಿವಿಗೆ ಕೊಳವೆ ಹಾಕಿಕೊಂಡು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಬರೆದುಕೊಳ್ಳಬೇಕು. ಒಬ್ಬನೇ ಎರಡೂ ಮಾಡುತ್ತೇನೆಂದು ಹೊರಡುವುದು ಶುದ್ಧ ಮೂರ್ಖತನ.

ಪೆಟ್ರೋಲೇ ಬದಲಾಗಿರುವುದರಿಂದ ಹಳೆಯ ಪುಸ್ತಕದ ಅಂಕಿಗಳೂ ಕೊನೆಯ ಮಾತಲ್ಲ. ನಾಕಿಂಗ್ ತಡೆಯಲೆಂದು ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ 1921ರಲ್ಲಿ ಥಾಮಸ್ ಮಿಜ್ಲಿಗೆ ಹೊಳೆಯಿತು. ಆತ ಕೆಲಸ ಮಾಡುತ್ತಿದ್ದದ್ದು ಪಾಯಿಂಟ್ ಇಗ್ನಿಷನ್ನಿನ ಅದೇ ಕೆಟರಿಂಗ್‌ನ ಕೈಕೆಳಗೆ. ಬ್ರಿಟನ್ನಿನ ಬಂಕುಗಳಿಂದ 2000ದ ಜನವರಿಯಲ್ಲೂ ಭಾರತದಿಂದ ಅದರ ಮರುತಿಂಗಳಲ್ಲೂ ಸೀಸ ಹೊರಬಿತ್ತು. ಈಗ ಎಥೆನಾಲಿನ ಕಾಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲಿನವರೆಗೆ. ನಮ್ಮಲ್ಲಿ ಇಪ್ಪತ್ತು ಪಾಲಿನ ಇ20 ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಎಥೆನಾಲು ನಾಕಿಂಗ್ ತಡೆಯುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಟೈಮಿಂಗ್ ತಿದ್ದಲು ಕೂರುವ ಮೊದಲು ಪೈಪುಗಳನ್ನು ಬದಲಿಸುವುದು ವಾಸಿ. ಬೆಂಕಿ ಹತ್ತಿದ ಕಾರಿಗೆ ಯಾವ ಮ್ಯಾಪೂ ಇಲ್ಲ.

ಇದೆಲ್ಲ ಮಾಡಿದರೆ ಕಾರಿನ ಹಳತನ ಕೆಡುವುದಿಲ್ಲವೆ? ಕೆಡುತ್ತದೆ ಎನ್ನುವವರ ಮಾತಿಗೆ ನಮ್ಮಲ್ಲಿ ಕಾನೂನಿನ ಬಲವೂ ಇದೆ. 2021ರ ಕೇಂದ್ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ದೊಡ್ಡ ಮಾರ್ಪಾಟು ಆಗದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ. ಅಂಥ ಕಾರಿಗೆ ಬಾನೆಟ್ ತೆರೆದೊಡನೆ ಕಣ್ಣಿಗೆ ಬೀಳುವ ಫೋರ್ಡ್ ಕಾಯಿಲ್‌ಪ್ಯಾಕು ಶೋಭೆಯಲ್ಲ. ಅದಕ್ಕೆ ನೆದರ್ಲೆಂಡ್ಸ್‌ನ 123ಇಗ್ನಿಷನ್ ಇದೆ: ಹೊರಗೆ ಹಳೆಯ ಡಿಸ್ಟ್ರಿಬ್ಯೂಟರಿನ ಆಕಾರ, ಒಳಗೆ ಫೋನಿನಿಂದಲೇ ತಿದ್ದಬಹುದಾದ ಲೆಕ್ಕ. ವರ್ಷಕ್ಕೆ ನಾಲ್ಕು ರ‍್ಯಾಲಿಗೆ ಹೊರಡುವ ಕಾರಿಗೆ ಅದೇ ಸಾಕು, ಅಥವಾ ಬುಷ್ ಬದಲಿಸಿ ಸರಿಪಡಿಸಿದ 25ಡಿ4 ಇನ್ನೂ ಸಾಕು. ದಿನಾ ಓಡಿಸುವವರಿಗೆ, ಕ್ಯಾಮ್ ಬದಲಿಸಿದವರಿಗೆ, ಪಾಯಿಂಟಿನ ಮುಂದೆ ಬಾಗಿ ಬೆನ್ನು ಸೋತವರಿಗೆ ಹಲ್ಲಿನ ಚಕ್ರವೇ ಸರಿ. ಒಂದೇ ಶರತ್ತು, ಮೂಲ ಕಬ್ಬಿಣವನ್ನು ಎಲ್ಲೂ ಕತ್ತರಿಸಬಾರದು, ಕೊರೆಯಬಾರದು. ಬಿಚ್ಚಿದ ಡಿಸ್ಟ್ರಿಬ್ಯೂಟರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡಬೇಕು.

ಹಳೆಯ ಕಾರು ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ಎಂಜಿಬಿಯ ಸರ್ವೀಸ್ ಪುಸ್ತಕ ಅರವತ್ತು ವರ್ಷದಿಂದ ಅಚ್ಚಾಗಿ ಸಿಗುತ್ತಿದೆ. ನೂರು ಮನೆಯ ಮ್ಯಾಪು ಇರುವುದು ಒಂದು ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿನಲ್ಲಿ. ಆ ಲ್ಯಾಪ್‌ಟಾಪು ಕಾರಿಗಿಂತ ಬಹಳ ಮೊದಲೇ ಗುಜರಿ ಸೇರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕೈಹಾಕಿದವರು ಒಂದಿಷ್ಟು ಮಾಡಿಡಿ: ಮ್ಯಾಪನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ, ಬೊಚ್ಚುಹಲ್ಲು ಎಲ್ಲಿದೆ, ಸೆನ್ಸರಿನ ಯಾವ ವೈರು ಎಲ್ಲಿಗೆ ಎಂದು ಅದರ ಬೆನ್ನಿಗೆ ಬರೆಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗ್ಲೋವ್ ಬಾಕ್ಸಿನಲ್ಲಿಡಿ. ಕಾರು ಮಾರುವ ದಿನ ಆರ್‌ಸಿ ಬುಕ್ಕಿನ ಜೊತೆ ಅದನ್ನೂ, ಕಂಪ್ಯೂಟರಿನ ಕೇಬಲನ್ನೂ ಮರೆಯದೆ ಕೊಡಿ.